ಸರಿಯಾಗಿಯೇ ಹೇಳಿದ್ದೆ, ಅರ್ಥವಾಗಲಿಲ್ಲ

ಕೆಲವು ವರ್ಷಗಳ ಹಿಂದೆ, ಎರಡು ವಾರವಾದರೂ ಬಿಡದ ತಲೆನೋವಿನಿಂದ ಬೇಸತ್ತು, ಕನ್ನಡ ಬಾರದ ವೈದ್ಯರೊಬ್ಬರ ಎದುರು ಕುಳಿತಿದ್ದೆ. ನೋವು ಎಲ್ಲಿ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಶಾಲೆಯಲ್ಲಿ ಕಲಿತ ಶುದ್ಧ ಉಚ್ಚಾರಣೆಯಲ್ಲಿ 'ಫಾರಿಡ್' ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ, 'ಫಾರಿನ್?' ಎಂದರು. ನಾನು ಇನ್ನೊಮ್ಮೆ, ಸ್ವಲ್ಪ ಬಿಡಿಸಿ, 'ಫಾರಿಡ್' ಎಂದೆ. ಈಚೆಗೆ ಯಾವ ದೇಶಕ್ಕೆ ಹೋಗಿದ್ದಿರಿ, ಅಲ್ಲಿ ಜ್ವರವೇನಾದರೂ ಬಂದಿತ್ತೇ ಎಂದು ಅವರು ವಿಚಾರಿಸತೊಡಗಿದಾಗ ಬೇರೆ ದಾರಿ ಕಾಣದೆ ಬೆರಳಿನಿಂದ ಹಣೆಯನ್ನು ಮುಟ್ಟಿ ತೋರಿಸಿದೆ. 'ಓ, ಫೋರ್‌ಹೆಡ್!' ಎಂದು ನಕ್ಕು ಅವರು ಬರೆದುಕೊಂಡರು.

ಮನೆಗೆ ಬಂದ ಮೇಲೆ ತಲೆನೋವಿಗಿಂತ ಈ ಪದವೇ ಹೆಚ್ಚು ಕಾಡಿತು. ನಮಗೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಉಚ್ಚಾರಣೆಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನವರು. ಬರೆದಿರುವುದು 'ಫೋರ್' ಮತ್ತು 'ಹೆಡ್' ಎಂದ ಮಾತ್ರಕ್ಕೆ ಹಾಗೆಯೇ ಓದುವುದು ಅರೆಬೆಂದ ಓದಿನ ಲಕ್ಷಣ ಎನ್ನುತ್ತಿದ್ದರು. ಸಾಕ್ಷಿಗೆ, ಅಮೆರಿಕದ ಕವಿ ಲಾಂಗ್‌ಫೆಲೊ ಬರೆದದ್ದೆಂದು ಹೇಳಲಾಗುವ ಒಂದು ಮಕ್ಕಳ ಪದ್ಯವನ್ನು ಮುಂದಿಡುತ್ತಿದ್ದರು. ಹಣೆಯ ನಡುವೆ ಗುಂಗುರು ಕೂದಲು ಇಳಿಬಿಟ್ಟುಕೊಂಡಿದ್ದ ಪುಟ್ಟ ಹುಡುಗಿಯ ಆ ಪದ್ಯದಲ್ಲಿ ಹಣೆ ಎಂಬರ್ಥದ ಪದ 'ಹಾರಿಡ್' ಎಂಬ ಪದದೊಂದಿಗೆ ಪ್ರಾಸಗೂಡುತ್ತದೆ; 'ಫೋರ್‌ಹೆಡ್' ಎಂದು ಓದಿದರೆ ಪ್ರಾಸ ಮುರಿದು ಬೀಳುತ್ತದೆ. ಮೇಷ್ಟ್ರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಉಚ್ಚಾರಣಾ ನಿಘಂಟಿನ ಕಾಲಕ್ಕೆ 'ಫಾರಿಡ್' ಎಂಬುದೇ ಶಿಷ್ಟ ರೂಪ. ಇಂದಿನ ನಿಘಂಟುಗಳನ್ನು ತೆರೆದರೆ 'ಫೋರ್‌ಹೆಡ್' ಬಹುಮಟ್ಟಿಗೆ ಮೊದಲ ಸ್ಥಾನದಲ್ಲಿ ಕುಳಿತಿದೆ, 'ಫಾರಿಡ್' ವಯಸ್ಸಾದ ನೆಂಟರಂತೆ ಅದರ ಹಿಂದೆ ನಿಂತಿದೆ. ಈ ನಡುವೆ ಯಾರೂ ಆಜ್ಞೆ ಹೊರಡಿಸಲಿಲ್ಲ, ಯಾವ ಸಭೆಯೂ ನಿರ್ಣಯ ಅಂಗೀಕರಿಸಲಿಲ್ಲ. ಪದವನ್ನು ಕಿವಿಯಿಂದ ಕಲಿತವರಿಗಿಂತ ಪುಟದಿಂದ ಕಲಿತವರು ಹೆಚ್ಚಾದರು, ಅವರು ಕಂಡದ್ದನ್ನು ಕಂಡಂತೆ ಓದಿದರು, ಹಾಗೆ ಓದಿದ್ದನ್ನು ಅವರ ಮಕ್ಕಳು ಕಿವಿಯಿಂದ ಕಲಿತರು. ಅಷ್ಟರಲ್ಲಿ ತಪ್ಪು ಸರಿಯಾಗಿ, ಸರಿಯಾಗಿದ್ದದ್ದು ನನ್ನಂಥವರನ್ನು ವೈದ್ಯರೆದುರು ಪೇಚಿಗೆ ಸಿಲುಕಿಸುವ ವಸ್ತುವಾಗಿತ್ತು.

ಹಾಗಾದರೆ ಇಂಗ್ಲಿಷ್ ಉಚ್ಚಾರಣೆಯಲ್ಲಿ 'ಸರಿ' ಎಂಬುದು ವಾಸವಾಗಿರುವುದು ಎಲ್ಲಿ? ಫ್ರೆಂಚ್ ಭಾಷೆಗೆ 1635ರಿಂದ ಒಂದು ಅಕಾಡೆಮಿ ಇದೆ; ಅದರ ಮಾತನ್ನು ಜನ ಕೇಳುತ್ತಾರೋ ಇಲ್ಲವೋ, ಕೇಳಬೇಕೆಂದರೆ ಹೋಗಿ ಕೇಳಲು ಒಂದು ಬಾಗಿಲಂತೂ ಇದೆ. ಇಂಗ್ಲಿಷಿಗೆ ಅಂಥ ಬಾಗಿಲಿಲ್ಲ. ಬೇಕೆಂದು ಕೇಳಿದವರು ಇರಲಿಲ್ಲವೆಂದಲ್ಲ. ಜೊನಾಥನ್ ಸ್ವಿಫ್ಟ್ 1712ರಲ್ಲಿ ಭಾಷೆಯನ್ನು ತಿದ್ದಿ ಸ್ಥಿರಗೊಳಿಸಲು ಒಂದು ಮಂಡಳಿ ಬೇಕೆಂದು ಪ್ರಸ್ತಾವವನ್ನೇ ಬರೆದರು. ಅವರನ್ನು ಕೆರಳಿಸಿದ್ದ ಸಂಗತಿಗಳಲ್ಲಿ ಒಂದು, 'ಡಿಸ್ಟರ್ಬೆಡ್' ಎಂದು ಮೂರು ಉಸಿರಿನಲ್ಲಿ ಹೇಳಬೇಕಾದ ಪದವನ್ನು ಜನ 'ಡಿಸ್ಟರ್ಬ್ಡ್' ಎಂದು ನುಂಗಿ ಹೇಳುತ್ತಿದ್ದುದು. ವ್ಯಂಜನಗಳನ್ನು ಹೀಗೆ ಒಂದರ ಮೇಲೊಂದು ಒಟ್ಟುವುದು ಸ್ವಿಫ್ಟರ ಕಿವಿಗೆ ಒರಟುತನವೇ ಆಗಿತ್ತು. ಇಂದು ಆ ಪದವನ್ನು ಸ್ವಿಫ್ಟರಿಗೆ ಬೇಕಾದಂತೆ ಬಿಡಿಸಿ ಹೇಳುವವರು ಯಾರಾದರೂ ಇದ್ದರೆ ಎದುರಿನವರು ನಗುತ್ತಾರೆ. ಮಂಡಳಿ ಸ್ಥಾಪನೆಯಾಗಲಿಲ್ಲ, ಸ್ವರ ಉಳಿಯಲಿಲ್ಲ.

ಅಕಾಡೆಮಿ ಇಲ್ಲದ ಕಡೆ ನಿಘಂಟಾದರೂ ತೀರ್ಪು ಕೊಡಬಹುದಲ್ಲವೇ ಎಂದು ನಿರೀಕ್ಷಿಸುವುದು ಸಹಜ. ಈ ವಿಷಯದಲ್ಲಿ ನನಗೆ ಬಲು ಪ್ರಿಯವಾದ ಪ್ರಸಂಗ ಸ್ಯಾಮ್ಯುಯೆಲ್ ಜಾನ್ಸನ್ನರದು. 1755ರಲ್ಲಿ ಹೊರಬಂದ ಅವರ ನಿಘಂಟು ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕೆಂದು ಗುರುತಿಸಿತೇ ಹೊರತು ಪ್ರತಿ ಸ್ವರವನ್ನೂ ಹೀಗೆಯೇ ಹೇಳಬೇಕೆಂದು ಕಟ್ಟು ಹಾಕಲಿಲ್ಲ. ಏಕೆ ಎಂದು, ಮುಂದೆ ಜಾನ್ಸನ್ನರ ಜೀವನಚರಿತ್ರೆ ಬರೆದ ಜೇಮ್ಸ್ ಬಾಸ್ವೆಲ್ 1772ರ ಒಂದು ಮಾತುಕತೆಯಲ್ಲಿ ಕೆದಕಿದಾಗ ಜಾನ್ಸನ್ ಒಂದು ಉದಾಹರಣೆ ಕೊಟ್ಟರು. ನಿಘಂಟಿನ ಯೋಜನೆಯನ್ನು ಪ್ರಕಟಿಸಿದ ಸಮಯದಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಜಾನ್ಸನ್ನರಿಗೆ 'ಗ್ರೇಟ್' ಎಂಬ ಪದ 'ಸ್ಟೇಟ್' ಎಂಬುದಕ್ಕೆ ಪ್ರಾಸವಾಗಬೇಕು ಎಂದು ತಿಳಿಸಿದರಂತೆ. ಸರ್ ವಿಲಿಯಂ ಯಂಗ್ ಅದು 'ಸೀಟ್' ಎಂಬುದಕ್ಕೆ ಪ್ರಾಸವಾಗಬೇಕು, 'ಗ್ರೇಟ್' ಎನ್ನುವವನು ಐರ್ಲೆಂಡಿನವನೇ ಸೈ ಎಂದು ಹೇಳಿ ಕಳುಹಿಸಿದರಂತೆ. ಒಬ್ಬರು ಲಾರ್ಡ್ಸ್ ಸಭೆಯ ಅತ್ಯುತ್ತಮ ಮಾತುಗಾರರು, ಇನ್ನೊಬ್ಬರು ಕಾಮನ್ಸ್ ಸಭೆಯ ಅತ್ಯುತ್ತಮ ಮಾತುಗಾರರು. ಇಬ್ಬರೂ ಒಬ್ಬರಿಗೊಬ್ಬರು ತದ್ವಿರುದ್ಧ. ನಿಘಂಟುಕಾರ ಯಾರ ಮಾತು ಕೇಳಬೇಕು?

ಈ ಜಗಳದಲ್ಲಿ ಇಬ್ಬರೂ ಹುಚ್ಚರಾಗಿರಲಿಲ್ಲ ಎಂಬುದೇ ಸ್ವಾರಸ್ಯ. 'ಇ' ಮತ್ತು 'ಎ' ಅಕ್ಷರಗಳನ್ನು ಜೊತೆಗೂಡಿಸಿ ಬರೆಯುವ ಬಹಳಷ್ಟು ಇಂಗ್ಲಿಷ್ ಪದಗಳಲ್ಲಿ ಆಗ 'ಏ' ದನಿ ಹಿಂದೆ ಸರಿದು 'ಈ' ದನಿ ನೆಲೆಯೂರುತ್ತಿತ್ತು. ಚಹಾ ಎಂಬರ್ಥದ 'ಟೀ'ಯನ್ನು ಅಲೆಕ್ಸಾಂಡರ್ ಪೋಪ್ 18ನೆಯ ಶತಮಾನದ ಆರಂಭದಲ್ಲಿ 'ಒಬೇ' ಎಂಬ ಪದದೊಂದಿಗೆ ಪ್ರಾಸಕ್ಕೆ ಕೂಡಿಸಿದ್ದರು, ಅಂದರೆ ಅವರ ಕಿವಿಯಲ್ಲಿ ಅದು 'ಟೇ'. 'ಸೀಟ್', 'ಮೀಟ್', 'ಸೀ' ಮುಂತಾದ ಪದಗಳು ಹೊಸ ದನಿಯತ್ತ ಹೋದವು. 'ಗ್ರೇಟ್', 'ಬ್ರೇಕ್', 'ಸ್ಟೇಕ್' ಎಂಬ ಮೂರು ಪದಗಳು ಮಾತ್ರ ಮೆರವಣಿಗೆಯಿಂದ ತಪ್ಪಿಸಿಕೊಂಡವರಂತೆ ಹಳೆಯ ಕಡೆಯಲ್ಲೇ ಉಳಿದವು. ತರ್ಕ ನೋಡಿದರೆ ಗೆಲ್ಲಬೇಕಾದವರು ಯಂಗ್. ಗೆದ್ದವರು ಚೆಸ್ಟರ್‌ಫೀಲ್ಡ್, ಮತ್ತು ಯಂಗ್ ಹಳಿದ ಐರ್ಲೆಂಡಿನವರು. ಏಕೆ ಈ ಮೂರೇ ಪದಗಳು ಎಂಬುದಕ್ಕೆ, ಹಾಗೆ ಹೇಳುವವರು ಹೆಚ್ಚಿದ್ದರು ಎಂಬುದಕ್ಕಿಂತ ಆಳವಾದ ಕಾರಣವನ್ನು ಹುಡುಕಿ ನಾನು ಸೋತಿದ್ದೇನೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಮಾನ ಬರುವುದು ನ್ಯಾಯ. ಉಚ್ಚಾರಣೆ ಬದಲಾಗುವುದು ಎಲ್ಲ ಭಾಷೆಗಳಲ್ಲೂ ಇರುವ ಸಂಗತಿಯೇ, ಇಂಗ್ಲಿಷಿಗೆ ಮಾತ್ರ ಈ ಪರಿಯ ರಗಳೆ ಏಕೆ? ಹಳಗನ್ನಡದ 'ಪಾಲ್' ನಮ್ಮ ಬಾಯಿಯಲ್ಲಿ 'ಹಾಲು' ಆಯಿತು, 'ಪುಲಿ' 'ಹುಲಿ' ಆಯಿತು. ಯಾವ ವೈಯಾಕರಣನೂ ಅದಕ್ಕೆ ಅಪ್ಪಣೆ ಕೊಡಲಿಲ್ಲ. ಆದರೆ ನಾಲಗೆ ಬದಲಾದಾಗ ಲೇಖನಿಯೂ ಬದಲಾಯಿತು. 'ಪಾಲ್' ಎಂದು ಬರೆದು 'ಹಾಲು' ಎಂದು ಓದಿ ಎಂದು ಯಾರೂ ನಮ್ಮನ್ನು ಪೀಡಿಸಲಿಲ್ಲ. ಇಂಗ್ಲಿಷಿನಲ್ಲಿ ಆದದ್ದು ಇದರ ವಿರುದ್ಧ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು. ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರವರೆಗೆ, ಭಾಷೆಯ ದೀರ್ಘಸ್ವರಗಳೆಲ್ಲ ತಮ್ಮ ಜಾಗ ಬಿಟ್ಟು ಕದಲುತ್ತಿದ್ದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಇದಕ್ಕೆ ಮಹಾ ಸ್ವರಪಲ್ಲಟ ಎಂಬರ್ಥದ ಹೆಸರಿಟ್ಟರು. ಚಾಸರ್ ಕವಿಯ ಕಾಲದಲ್ಲಿ 'ನೇಮ್' ಎಂಬ ಪದವನ್ನು ಹೆಚ್ಚುಕಡಿಮೆ ನಮ್ಮ 'ನಾಮ' ಎಂಬಂತೆಯೇ ಹೇಳುತ್ತಿದ್ದರು. 'ಟೈಮ್' ಆಗ 'ಟೀಮ'. ಬಾಯಿ ಮುಂದೆ ಹೋಯಿತು, ಅಚ್ಚಿನ ಮೊಳೆ ನಿಂತಲ್ಲೇ ನಿಂತಿತು. ಇಂದು ನಾವು ಇಂಗ್ಲಿಷಿನಲ್ಲಿ ಬರೆಯುತ್ತಿರುವುದು ಬಹುಪಾಲು ಐದಾರು ನೂರು ವರ್ಷಗಳ ಹಿಂದಿನ ಉಚ್ಚಾರಣೆಯನ್ನು. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ನಮ್ಮದೆಂದು ನಾವು ಬೀಗುತ್ತೇವೆ. 'ಹೋಗುತ್ತದೆ' ಎಂದು ಬರೆದು 'ಹೋಗತ್ತೆ' ಎಂದು ಓದುವವರು ಅಷ್ಟು ಬೀಗಬಾರದು ಎಂಬುದು ನನ್ನ ಗುಟ್ಟಾದ ಅಭಿಪ್ರಾಯ. ಆದರೂ ಇಂಗ್ಲಿಷಿನ ಹೊಂಡದ ಮುಂದೆ ನಮ್ಮದು ಬರಿಯ ತಗ್ಗು.

ಈ ಹೊಂಡವನ್ನು ಪಂಡಿತರು ಸಾಲದೆಂಬಂತೆ ಇನ್ನಷ್ಟು ತೋಡಿದರು. ಲ್ಯಾಟಿನ್ ವ್ಯಾಮೋಹದ ದಿನಗಳಲ್ಲಿ, ಫ್ರೆಂಚಿನಿಂದ ಬಂದು ನೆಮ್ಮದಿಯಾಗಿದ್ದ 'ಡೆಟ್' ಮತ್ತು 'ಡೌಟ್' ಎಂಬ ಪದಗಳಿಗೆ ಅವುಗಳ ಲ್ಯಾಟಿನ್ ಮುತ್ತಜ್ಜರ ನೆನಪಿಗಾಗಿ 'ಬಿ' ಅಕ್ಷರವನ್ನು ತೊಡಿಸಿದರು. 'ಐಲೆಂಡ್' ಎಂಬುದರೊಳಗಿನ 'ಎಸ್' ಅಂತೂ ಬರಿಯ ತಪ್ಪು ತಿಳಿವಳಿಕೆಯ ಫಲ. ಆ ಪದ ಇಂಗ್ಲಿಷಿನ ಸ್ವಂತದ್ದು, ಅದಕ್ಕೆ 'ಎಸ್' ಎಂದೂ ಇರಲಿಲ್ಲ. ಹಾಗೆ ತೊಡಿಸಿದ ಅಕ್ಷರಗಳನ್ನು ಉಚ್ಚರಿಸಲೇಬೇಕು ಎಂದು ಹಟ ಹಿಡಿದವರೂ ಆಗಲೇ ಇದ್ದರು. ಶೇಕ್ಸ್‌ಪಿಯರ್ ತನ್ನ ಒಂದು ನಾಟಕದಲ್ಲಿ ಹಾಲೊಫರ್ನೀಸ್ ಎಂಬ ಶಾಲಾಮಾಸ್ತರನ ಬಾಯಿಯಿಂದ ಇದೇ ದೂರನ್ನು ಹೇಳಿಸಿದ್ದಾನೆ: ಜನ 'ಡೌಟ್', 'ಡೆಟ್' ಎನ್ನುವಾಗ 'ಬಿ' ನುಂಗುತ್ತಾರಂತೆ, ಇದು ಅಸಹ್ಯವಂತೆ. ನಾಟಕ ನೋಡುವವರು ಅವನನ್ನು ಕಂಡು ನಗಲಿ ಎಂದೇ ಆ ಪಾತ್ರ. ಮಾಸ್ತರು ಸೋತರು, 'ಬಿ' ಇಂದಿಗೂ ಮೂಕ.

ಆದರೆ ಹಾಲೊಫರ್ನೀಸನಂಥವರು ಸೋತದ್ದಷ್ಟೇ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಪ್ಪು ಎಂಬರ್ಥದ 'ಫಾಲ್ಟ್' ಪದವನ್ನು ನೋಡಿ. ಅದು ಇಂಗ್ಲಿಷಿಗೆ ಬಂದಾಗ 'ಫಾಟ್' ಎಂಬಂತಿತ್ತು. 'ಎಲ್' ಅಕ್ಷರವನ್ನು 'ಡೆಟ್'ನ 'ಬಿ'ಯಂತೆಯೇ ಲ್ಯಾಟಿನ್ ಗೌರವಕ್ಕಾಗಿ ಸೇರಿಸಲಾಯಿತು. ಬಹಳ ಕಾಲ ಯಾರೂ ಅದನ್ನು ಉಚ್ಚರಿಸಲಿಲ್ಲ. ಆಲಿವರ್ ಗೋಲ್ಡ್‌ಸ್ಮಿತ್ 1770ರಲ್ಲಿ ಒಬ್ಬ ಹಳ್ಳಿಯ ಮೇಷ್ಟ್ರನ್ನು ವರ್ಣಿಸುವಾಗ ಈ ಪದವನ್ನು 'ಆಟ್' ಎಂಬ ಪದದೊಂದಿಗೆ ನಿಶ್ಚಿಂತೆಯಿಂದ ಪ್ರಾಸಕ್ಕೆ ಕೂಡಿಸಿದರು. ಅಷ್ಟಾದರೂ ಅಕ್ಷರ ಕಣ್ಣೆದುರಿಗಿತ್ತು. ಕಣ್ಣೆದುರಿಗಿದ್ದದ್ದು ಒಂದು ದಿನ ನಾಲಗೆಗೆ ಇಳಿಯಿತು. 'ಪರ್ಫೆಕ್ಟ್' ಎಂಬುದರೊಳಗಿನ 'ಸಿ'ಯೂ ಹಾಗೆಯೇ ಬಂದದ್ದು, ಮೊದಲು ಅದು 'ಪರ್ಫಿಟ್'. 'ಆಥರ್' ಎಂಬುದು 'ಆಟರ್' ಆಗಿತ್ತು. ಯಾರೋ 'ಎಚ್' ಸೇರಿಸಿ ಬರೆದರು, ಓದುವವರು ಅದನ್ನು 'ಥ' ಎಂದುಕೊಂಡರು. ಅಂದರೆ ಇಂದು ಈ ಮೂರು ಪದಗಳನ್ನು ಪರಮ ಶುದ್ಧವಾಗಿ ಉಚ್ಚರಿಸುವ ಯಾರೇ ಆದರೂ, ಓದಿ ಓದಿ ದಾರಿ ತಪ್ಪಿದವರ ಹಾದಿಯಲ್ಲೇ ನಡೆಯುತ್ತಿದ್ದಾರೆ. 'ಬಿ' ಸೋತು 'ಎಲ್' ಏಕೆ ಗೆದ್ದಿತು ಎಂದರೆ ಧ್ವನಿಶಾಸ್ತ್ರದಲ್ಲಿ ಉತ್ತರವಿಲ್ಲ. ಒಂದನ್ನು ಸಾಕಷ್ಟು ಜನ ಹೇಳಿದರು, ಇನ್ನೊಂದನ್ನು ಹೇಳಲಿಲ್ಲ. 'ಶಾಸ್ತ್ರಾದ್ರೂಢಿರ್ಬಲೀಯಸೀ' ಎಂಬ ಮಾತು ಇದನ್ನೇ ಹೇಳುತ್ತದೆಯಾದರೂ, ರೂಢಿ ಹೇಗೆ ಬಲಗೊಳ್ಳುತ್ತದೆ ಎಂಬುದನ್ನು ಆ ಮಾತು ಹೇಳುವುದಿಲ್ಲ.

ಬಲಗೊಳ್ಳುತ್ತಿರುವ ಹೊತ್ತಿನಲ್ಲಿ ಅದು ಪಕ್ಕದಲ್ಲಿ ನಿಂತವರಿಗೆ ಎಷ್ಟು ಹಿಂಸೆಯಾಗುತ್ತದೆ ಎಂಬುದಕ್ಕೆ ಸ್ಯಾಮ್ಯುಯೆಲ್ ರೋಜರ್ಸ್ ಸಾಕ್ಷಿ. 1763ರಲ್ಲಿ ಹುಟ್ಟಿ 1855ರವರೆಗೆ ಬದುಕಿದ ಈ ಕವಿ, ತನ್ನ ಕಾಲದ ಫ್ಯಾಷನ್ ಉಚ್ಚಾರಣೆಗಳನ್ನು ಸಹಿಸದೆ ಗೊಣಗಿದ ಮಾತು ದಾಖಲಾಗಿದೆ. 'ಕಾಂಟೆಂಪ್ಲೇಟ್' ಎಂಬ ಪದದ ಒತ್ತನ್ನು ಮೊದಲಿಗೆ ತರುವುದೇ ಸಾಕಷ್ಟು ಕೆಟ್ಟದ್ದು, 'ಬಾಲ್ಕನಿ' ಎಂದು ಮೊದಲಿಗೆ ಒತ್ತು ಹಾಕುವುದನ್ನು ಕೇಳಿದರಂತೂ ಹೊಟ್ಟೆ ತೊಳಸುತ್ತದೆ ಎಂದು ಅವರು ಹೇಳಿದರಂತೆ. ಅವರ ಪಾಲಿಗೆ ಅದು 'ಬಲ್‌ಕೋನಿ', ನಡುವಿನ ಭಾಗ ಉಬ್ಬಿ ಕೇಳಬೇಕು. ಇಂದು ಯಾವ ಬಾಲ್ಕನಿಯಲ್ಲಿ ನಿಂತವರಿಗೂ ರೋಜರ್ಸ್ ಪಟ್ಟ ಸಂಕಟ ಅರ್ಥವಾಗುವುದಿಲ್ಲ. ನನಗೆ ಅವರ ಮೇಲೆ ಕನಿಕರವಿದೆ. ತೊಂಬತ್ತೆರಡು ವರ್ಷ ಬದುಕಿದವರು ತಮ್ಮ ಕಿವಿ ಕಲಿತ ಭಾಷೆ ಕಣ್ಣೆದುರೇ ಬೇರೆಯಾಗುವುದನ್ನು ಕೇಳಲೇಬೇಕಾಗುತ್ತದೆ.

ಎಚ್. ಡಬ್ಲ್ಯೂ. ಫೌಲರ್ 1926ರ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ ಆಗಾಗ ಎಂಬರ್ಥದ 'ಆಫನ್' ಪದದ 'ಟಿ'ಯನ್ನು ಉಚ್ಚರಿಸುವವರನ್ನು ಎರಡು ಗುಂಪಾಗಿ ವಿಂಗಡಿಸಿದರು: ನೆರೆಹೊರೆಯವರಿಗಿಂತ ತಾವು ಸ್ಪಷ್ಟವಾಗಿ ಮಾತಾಡುತ್ತೇವೆಂದು ತೋರಿಸಿಕೊಳ್ಳುವ ವಿದ್ವನ್ಮಣಿಗಳು, ಮತ್ತು ತಮಗೆ ಕಾಗುಣಿತ ಬರುತ್ತದೆಂದು ಸಾಬೀತುಪಡಿಸಲು ಹವಣಿಸುವ ಅರೆಓದಿನವರು. ನಮ್ಮ ಮೇಷ್ಟ್ರಿಗೆ 'ಅರೆಬೆಂದ ಓದು' ಎಲ್ಲಿಂದ ಬಂತೆಂದು ನನಗೆ ಹೊಳೆದದ್ದು ಇದನ್ನು ಓದಿದಾಗ. ಈಗ 'ಆಫ್ಟನ್' ನಿಘಂಟುಗಳಲ್ಲಿ 'ಆಫನ್' ಜೊತೆಗೆ ಎದೆಯುಬ್ಬಿಸಿ ನಿಂತಿದೆ. ಇಲ್ಲಿ ಇನ್ನೊಂದು ತಿರುವೂ ಇದೆ. 'ಟಿ' ಹೊಸದಾಗಿ ಸೇರಿದ್ದಲ್ಲ. ಹಳೆಯ ಕಾಲದಲ್ಲಿ ಅದನ್ನು ಹೇಳುತ್ತಿದ್ದರು, ನಡುವೆ ಕಳೆದುಕೊಂಡರು, ಕಾಗುಣಿತ ನೋಡಿದವರು ಅದನ್ನು ಮರಳಿ ಕರೆತಂದರು. ತಪ್ಪೆಂದು ಫೌಲರ್ ಹೀಗಳೆದದ್ದು ಮೂಲ ರೂಪವನ್ನೇ.

ಇಷ್ಟರ ತನಕ ನಾನು 'ಸಾಕಷ್ಟು ಜನ' ಎಂದು ಹೇಳಿಕೊಂಡು ಬಂದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಮಾತಿನಲ್ಲಿ ಸ್ವಲ್ಪ ಮೋಸವಿದೆ, ಏಕೆಂದರೆ ಇಂಗ್ಲಿಷಿನ ಚರಿತ್ರೆಯಲ್ಲಿ ಎಲ್ಲ ಜನರ ಬಳಕೆಯನ್ನೂ ಬಳಕೆಯೆಂದು ಎಣಿಸಿದ್ದಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಉಚ್ಚಾರಣಾ ನಿಘಂಟುಗಳ ಮಾರುಕಟ್ಟೆ ತೆರೆದುಕೊಂಡಾಗ ಅದನ್ನು ಆಳಿದವರು ಇಬ್ಬರು: 1780ರಲ್ಲಿ ನಿಘಂಟು ತಂದ ಥಾಮಸ್ ಶೆರಿಡನ್ ಮತ್ತು 1791ರಲ್ಲಿ ತಂದ ಜಾನ್ ವಾಕರ್. ಇಬ್ಬರೂ ರಂಗಭೂಮಿಯ ನಟರಾಗಿದ್ದವರು. ಶೆರಿಡನ್ ಐರ್ಲೆಂಡಿನವರು, ಇಂಗ್ಲೆಂಡಿನವರಿಗೆ ಇಂಗ್ಲಿಷ್ ಮಾತಾಡಲು ಕಲಿಸಿದರು. ವಾಕರ್ ಅವರ ನಿಘಂಟಿನ ಮುಖಪುಟದಲ್ಲಿಯೇ ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಲಂಡನ್ ಮೂಲದವರು ತಮ್ಮ ತಮ್ಮ ವಿಕಾರಗಳನ್ನು ತಪ್ಪಿಸಿಕೊಳ್ಳಲು ಪಾಲಿಸಬೇಕಾದ ನಿಯಮಗಳಿವೆ ಎಂದು ಅಚ್ಚಾಗಿದೆ. ಲಂಡನ್ನಿನ ಉಚ್ಚಾರಣೆಯೇ ಮಾದರಿ, ಆದರೆ ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಸಾಮಾನ್ಯನ ಉಚ್ಚಾರಣೆ ತಿದ್ದಬೇಕಾದ ರೋಗ! ಬಳಕೆಯೇ ಪ್ರಮಾಣ ಎಂದವರು ಯಾರ ಬಳಕೆ ಎಂಬ ಪ್ರಶ್ನೆಗೆ ಆಸ್ಥಾನದತ್ತ, ಮೇಲುವರ್ಗದತ್ತ ಬೆರಳು ತೋರಿಸಿ ಸುಮ್ಮನಾದರು. ಇದಕ್ಕೆ ಸೆಡ್ಡು ಹೊಡೆದವರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ಮುಖ್ಯರು. 1789ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಅವರು, ಲಂಡನ್ನಿನ ಆಸ್ಥಾನದ ಫ್ಯಾಷನ್ನಿಗಿಂತ ಇಡೀ ಜನಸಮುದಾಯದ ಸಾಮಾನ್ಯ ರೂಢಿ ದೊಡ್ಡದೆಂದು ವಾದಿಸಿದರು.

ಡೇನಿಯಲ್ ಜೋನ್ಸ್ 1917ರಲ್ಲಿ ಈ ಪ್ರಶ್ನೆಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ತಾವು ದಾಖಲಿಸುತ್ತಿರುವುದು ದಕ್ಷಿಣ ಇಂಗ್ಲೆಂಡಿನ, ಮಕ್ಕಳನ್ನು ದೊಡ್ಡ ವಸತಿಶಾಲೆಗಳಿಗೆ ಕಳುಹಿಸುವ ಕುಟುಂಬಗಳ ಮನೆಮಾತನ್ನು ಎಂದರು. 'ಪಬ್ಲಿಕ್ ಸ್ಕೂಲ್ ಉಚ್ಚಾರಣೆ' ಎಂದೇ ಅದನ್ನು ಕರೆದರು. ಇದು ಅನುಸರಿಸಲೇಬೇಕಾದ ಆದರ್ಶವೆಂದು ತಾವು ಹೇಳುತ್ತಿಲ್ಲ, ಹೀಗೆ ಮಾತಾಡುವವರಿದ್ದಾರೆಂದು ಬರೆದಿಡುತ್ತಿದ್ದೇನೆ ಅಷ್ಟೆ ಎಂಬುದು ಅವರ ನಿಲುವು. ಕೊಂಡವರು ಅದನ್ನು ಕಾನೂನು ಪುಸ್ತಕದಂತೆ ಓದಿದರು. ಫೋಟೋ ತೆಗೆದವನನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುವ ಈ ಚಾಳಿ ಇನ್ನೂ ಬಿಟ್ಟಿಲ್ಲ.

1926ರಲ್ಲಿ ಬಿಬಿಸಿ ತನ್ನ ಉದ್ಘೋಷಕರಿಗೆ ಮಾರ್ಗದರ್ಶನ ನೀಡಲು ಒಂದು ಸಲಹಾ ಸಮಿತಿಯನ್ನು ಮಾಡಿತು. ಇಂಗ್ಲೆಂಡಿನ ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಅದರ ಅಧ್ಯಕ್ಷರು, ಅವರ ನಂತರ ಜಾರ್ಜ್ ಬರ್ನಾರ್ಡ್ ಶಾ. ಡೇನಿಯಲ್ ಜೋನ್ಸ್ ಕೂಡ ಅದರಲ್ಲಿದ್ದರು. ಪತ್ರಕರ್ತ ಅಲಿಸ್ಟೇರ್ ಕುಕ್ ಈ ಸಮಿತಿಯ ಒಂದು ಸಭೆಯ ಬಗ್ಗೆ ಹೇಳುತ್ತಿದ್ದ ಕಥೆಯೊಂದಿದೆ. ಕೋರೆಹಲ್ಲಿಗೆ ಸಂಬಂಧಿಸಿದ ಪದ 'ಕ್ಯಾನೈನ್' ಆಗಬೇಕೋ 'ಕೇನೈನ್' ಆಗಬೇಕೋ ಎಂಬ ಚರ್ಚೆಯಲ್ಲಿ ಶಾ, ಯಾವ ಪದವನ್ನೇ ಆಗಲಿ ಅದನ್ನು ದಿನನಿತ್ಯ ವೃತ್ತಿಯಲ್ಲಿ ಬಳಸುವವರು ಹೇಳಿದಂತೆ ತಾವು ಹೇಳುವುದಾಗಿಯೂ, ತಮ್ಮ ಹಲ್ಲಿನ ವೈದ್ಯರು 'ಕೇನೈನ್' ಎನ್ನುವುದಾಗಿಯೂ ತಿಳಿಸಿದರಂತೆ. ಹಾಗಾದರೆ ನಿಮ್ಮ ವೈದ್ಯ ಅಮೆರಿಕದವನೇ ಇರಬೇಕು ಎಂದು ಇನ್ನೊಬ್ಬ ಸದಸ್ಯರು ಕುಟುಕಿದಾಗ, ಮತ್ತೆ? ಈ ವಯಸ್ಸಿನಲ್ಲೂ ನನ್ನ ಹಲ್ಲುಗಳೆಲ್ಲ ಉಳಿದಿರುವುದು ಹೇಗೆಂದುಕೊಂಡಿರಿ ಎಂದು ಶಾ ಮರುನುಡಿದರಂತೆ. ನಗೆಯ ಕೆಳಗೆ ಒಂದು ಗಟ್ಟಿಯಾದ ತತ್ತ್ವವಿದೆ: ಪದವನ್ನು ಹೆಚ್ಚು ತೇಯುವವರಿಗೆ ಅದರ ಮೇಲೆ ಹೆಚ್ಚು ಹಕ್ಕು. 1939ರಲ್ಲಿ ಯುದ್ಧ ಶುರುವಾದಾಗ ಸಮಿತಿ ನಿಂತುಹೋಯಿತು.

ಎಣಿಕೆ ಮತ್ತು ಅಂತಸ್ತು ಎರಡೂ ಸೇರಿ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದೇ ಬಗೆಯ ಎರಡು ತಪ್ಪುಗಳನ್ನು ಅಕ್ಕಪಕ್ಕದಲ್ಲಿಡುತ್ತೇನೆ. ಹಕ್ಕಿ ಎಂಬರ್ಥದ 'ಬರ್ಡ್' ಹಳೆಯ ಇಂಗ್ಲಿಷಿನಲ್ಲಿ 'ಬ್ರಿಡ್'. ನಾಲಗೆ ತೊಡರಿ 'ರ' ಹಿಂದೆ ಸರಿಯಿತು, ಎಲ್ಲರ ನಾಲಗೆಯೂ ತೊಡರಿತು, ಈಗ ಅದು ಪ್ರಶ್ನಾತೀತ. ಕೇಳು ಎಂಬರ್ಥದ 'ಆಸ್ಕ್' ಪದದಲ್ಲೂ ಇಂಥದೇ ಅದಲುಬದಲು ನಡೆದು 'ಆಕ್ಸ್' ಎಂಬ ರೂಪ ಹಳೆಯ ಇಂಗ್ಲಿಷಿನಿಂದಲೇ ಜೊತೆಗಿತ್ತು, ಚಾಸರ್ ಅದನ್ನು ಬಳಸಿದ್ದಾರೆ. ಆದರೆ ಇಂದು ಆ ರೂಪ ಉಳಿದಿರುವುದು ಮುಖ್ಯವಾಗಿ ಆಫ್ರಿಕನ್ ಅಮೆರಿಕನ್ನರ ಮತ್ತು ಕೆರಿಬಿಯನ್ ಮೂಲದವರ ಮಾತಿನಲ್ಲಿ. ಸಾವಿರ ವರ್ಷಕ್ಕೂ ಮಿಕ್ಕಿದ ವಂಶಾವಳಿ ಇದ್ದರೂ ಅದನ್ನು ಹೇಳಿದವರನ್ನು ಓದಿಲ್ಲದವರೆಂದು ಎಣಿಸುವವರಿದ್ದಾರೆ. 'ಬ್ರಿಡ್' ಮಾಡಿದ ತಪ್ಪನ್ನೇ ಅದೂ ಮಾಡಿತು, ಆದರೆ ಅದು ಉಳಿದುಕೊಂಡದ್ದು ಅಂತಸ್ತಿಲ್ಲದವರ ಬಾಯಲ್ಲಿ. ಇದನ್ನು ಭಾಷೆಯ ನಿಯಮವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಂತಸ್ತು ಇದ್ದರೂ ಸಾಲದೆಂಬುದನ್ನು ಪರಮಾಣು ಸಂಬಂಧದ 'ನ್ಯೂಕ್ಲಿಯರ್' ತೋರಿಸುತ್ತದೆ. ಐಸನ್‌ಹೋವರ್ ಮತ್ತು ಜಾರ್ಜ್ ಡಬ್ಲ್ಯೂ. ಬುಷ್ ಸೇರಿದಂತೆ ಅಮೆರಿಕದ ಅಧ್ಯಕ್ಷರೇ ಇದನ್ನು 'ನ್ಯೂಕ್ಯುಲರ್' ಎಂದರು. ಕಾರಣ ಸೋಮಾರಿತನವಲ್ಲ. 'ಸರ್ಕ್ಯುಲರ್', 'ಮಾಲೆಕ್ಯುಲರ್', 'ಪರ್ಟಿಕ್ಯುಲರ್' ಎಂದು ಕೊನೆಯಾಗುವ ಪದಗಳು ಇಂಗ್ಲಿಷಿನಲ್ಲಿ ಹಿಂಡುಗಟ್ಟಲೆ ಇವೆ, 'ಕ್ಲಿಯರ್' ಎಂದು ಕೊನೆಯಾಗುವ ಇಂಥ ವಿಶೇಷಣ ಇದೊಂದೇ ಎನ್ನಬೇಕು. ಒಂಟಿ ಕುರಿ ಹಿಂಡಿನತ್ತ ಓಡಿತು. ಮೆರಿಯಂ-ವೆಬ್‌ಸ್ಟರ್ ನಿಘಂಟು ಈ ಉಚ್ಚಾರಣೆಯನ್ನು ದಾಖಲಿಸಿ ಅದರ ಮುಂದೆ ಭಾಗಾಕಾರದ ಚಿಹ್ನೆಯನ್ನು ಇಟ್ಟಿತು. ಹೀಗೆ ಹೇಳುವವರಿದ್ದಾರೆ, ಆದರೆ ಹಲವರು ಇದನ್ನು ಒಪ್ಪುವುದಿಲ್ಲ ಎಂಬುದು ಆ ಚಿಹ್ನೆಯ ಅರ್ಥ. ಸರಿ ಮತ್ತು ತಪ್ಪಿನ ನಡುವೆ ಕಾಯುವ ಕೋಣೆಯೊಂದಿದ್ದರೆ ಅದರ ಬಾಗಿಲಿಗೆ ಹಾಕಬೇಕಾದ ಗುರುತು ಇದೇ. ಕಂಪ್ಯೂಟರ್ ಚಿತ್ರಗಳ 'ಗಿಫ್' ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: 1987ರಲ್ಲಿ ಅದನ್ನು ರೂಪಿಸಿದ ಸ್ಟೀವ್ ವಿಲ್‌ಹೈಟ್ 2013ರಲ್ಲಿ ವೆಬಿ ಪ್ರಶಸ್ತಿ ಸ್ವೀಕರಿಸುವಾಗ ಅದು 'ಜಿಫ್' ಎಂದು ಸಾರಿದರೂ, 'ಗಿಫ್' ಎನ್ನುತ್ತಿದ್ದವರು 'ಗಿಫ್' ಎನ್ನುವುದನ್ನು ಬಿಡಲಿಲ್ಲ.

ಕಿವಿಗಿಂತ ಮೊದಲು ಕಣ್ಣಿನಿಂದ ಇಂಗ್ಲಿಷ್ ಕಲಿತ ನನ್ನಂಥವರಿಗೆ ಇದೆಲ್ಲ ಬರಿಯ ಕುತೂಹಲದ ಸಂಗತಿಯಲ್ಲ. 'ಎಪಿಟಮಿ' ಎಂಬ ಪದವನ್ನು ಹತ್ತು ವರ್ಷ 'ಎಪಿಟೋಮ್' ಎಂದು ಮನಸ್ಸಿನಲ್ಲಿ ಓದಿಕೊಂಡಿದ್ದೆ. ಬೇರೆಯವರ ಬಾಯಲ್ಲಿ 'ಎಪಿಟಮಿ' ಕೇಳಿದಾಗ ಅದು ಇನ್ನೊಂದು ಪದವೆಂದೇ ಭಾವಿಸಿದ್ದೆ. 'ಮಿಸ್‌ಲೆಡ್' ಎಂಬುದು 'ಮೈಸಲ್' ಎಂಬ ಯಾವುದೋ ಕ್ರಿಯಾಪದದ ಭೂತಕಾಲವೆಂದು ನಂಬಿದ್ದೆ, ಆ ಕ್ರಿಯಾಪದಕ್ಕೆ ಜಾಣತನದಿಂದ ಮೋಸ ಮಾಡುವುದು ಎಂಬ ಅರ್ಥವನ್ನೂ ಕೊಟ್ಟುಕೊಂಡಿದ್ದೆ. ನಾನೊಬ್ಬನೇ ಹಾಗೆ ಹೇಳಿದರೆ ಅದು ತಪ್ಪು. ಲಕ್ಷಾಂತರ ಜನ ಸ್ವತಂತ್ರವಾಗಿ ಅದೇ ತಪ್ಪಿಗೆ ಬಂದು ನಿಂತು, ಅದನ್ನು ಒಬ್ಬರ ಬಾಯಿಂದ ಇನ್ನೊಬ್ಬರು ಕೇಳುವಷ್ಟು ಹತ್ತಿರ ಬದುಕಿದರೆ, ಅದು ಒಂದು ರೂಪ. ಇಂದು ಇಂಗ್ಲಿಷನ್ನು ಮನೆಮಾತಾಗಿ ಪಡೆದವರಿಗಿಂತ ಆಮೇಲೆ ಕಲಿತು ಬಳಸುವವರ ಸಂಖ್ಯೆಯೇ ದೊಡ್ಡದು, ಮತ್ತು ಅವರಲ್ಲಿ ಹೆಚ್ಚಿನವರ ಮೊದಲ ಗುರು ಅಚ್ಚಾದ ಪುಟ. 'ಫಾಲ್ಟ್', 'ಫೋರ್‌ಹೆಡ್', 'ಆಫ್ಟನ್' ಪದಗಳನ್ನು ತಿರುಗಿಸಿದ ಬಲ ಇದೇ ಆಗಿದ್ದರೆ, ಅದು ಹಿಂದೆಂದೂ ಈಗಿನಷ್ಟು ದೊಡ್ಡದಾಗಿ ಇರಲಿಲ್ಲ. ಜೆ. ಸಿ. ವೆಲ್ಸ್ 1990ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟಿಗಾಗಿ ವಿವಾದವಿರುವ ಪದಗಳ ಬಗ್ಗೆ ಜನಾಭಿಪ್ರಾಯವನ್ನೇ ಸಂಗ್ರಹಿಸಿದರು. ಬ್ರಿಟನ್ನಿನ ಹಿರಿಯರ 'ಶೆಡ್ಯೂಲ್' ಕಿರಿಯರ ಬಾಯಲ್ಲಿ 'ಸ್ಕೆಡ್ಯೂಲ್' ಆಗುತ್ತಿರುವುದು ಇಂಥ ಸಮೀಕ್ಷೆಗಳಲ್ಲಿ ಕಾಣಿಸಿತು. ನಿಘಂಟುಕಾರ ಚೆಸ್ಟರ್‌ಫೀಲ್ಡರ ಮಾತಿಗೆ ಕಾಯದೆ ಓದುಗರಿಗೇ ಪತ್ರ ಬರೆದು ಕೇಳುವ ಕಾಲ ಬಂದಿತ್ತು. ಆದರೆ ಅಲ್ಲಿ ಕೇಳಿದ್ದು ಮನೆಮಾತಿನವರನ್ನು. ಆಮೇಲೆ ಕಲಿತವರನ್ನೂ ಎಣಿಕೆಗೆ ತೆಗೆದುಕೊಳ್ಳುವ ದಿನ ಯಾವ ಯಾವ ಮೂಕ ಅಕ್ಷರಗಳಿಗೆ ಬಾಯಿ ಬರುತ್ತದೋ ನೋಡಬೇಕು. 'ಡೆಟ್'ನ 'ಬಿ'ಯ ಮೇಲೆ ನನಗೆ ಒಂದು ಕಣ್ಣಿದೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಯಾರ ಉಚ್ಚಾರಣೆಯನ್ನೂ ತಿದ್ದಬಾರದು. ತಿದ್ದುವುದನ್ನು ಬಹುಮಟ್ಟಿಗೆ ಬಿಟ್ಟಿದ್ದೇನೆ ಕೂಡ. 'ಫಾರಿಡ್' ಎನ್ನುವುದನ್ನು ಬಿಟ್ಟು 'ಫೋರ್‌ಹೆಡ್' ಎನ್ನುತ್ತೇನೆ, ಮೇಷ್ಟ್ರ ಮುಖ ನೆನಪಾದಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತದೆ. ಆದರೆ ಒಂದು ಪದ ಉಳಿದಿದೆ. ಉಚ್ಚಾರಣೆ ಎಂಬರ್ಥದ ಇಂಗ್ಲಿಷ್ ಪದವೇ ಅದು: 'ಪ್ರೊನನ್ಸಿಯೇಶನ್'. ಅದರ ಕ್ರಿಯಾಪದ 'ಪ್ರೊನೌನ್ಸ್' ಆಗಿರುವುದರಿಂದ ಜನ ಅದನ್ನು 'ಪ್ರೊನೌನ್ಸಿಯೇಶನ್' ಎನ್ನುತ್ತಾರೆ. ಕುರಿ ಹಿಂಡಿನತ್ತ ಓಡುವ ಅದೇ ತರ್ಕ, 'ನ್ಯೂಕ್ಯುಲರ್' ವಿಷಯದಲ್ಲಿ ನಾನು ಇಷ್ಟು ಹೊತ್ತು ವಕಾಲತ್ತು ವಹಿಸಿದ ತರ್ಕ. ಹೇಳುವವರ ಸಂಖ್ಯೆಯೂ ಕಡಿಮೆಯೇನಿಲ್ಲ. ಆದರೂ ಕೇಳಿದಾಗಲೆಲ್ಲ ನನಗೆ ರೋಜರ್ಸರ ಬಾಲ್ಕನಿ ನೆನಪಾಗುತ್ತದೆ, ಹೊಟ್ಟೆಯೂ ಹಾಗೆಯೇ ತೊಳಸುತ್ತದೆ. ಮೊನ್ನೆ ಕಿರಿಯ ಸಹೋದ್ಯೋಗಿಯೊಬ್ಬರು, ದನಿಯನ್ನು ಗುರುತಿಸುವ ಒಂದು ತಂತ್ರಾಂಶದ ಬಗ್ಗೆ ಸೊಗಸಾಗಿ ಮಾತಾಡುತ್ತ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ 'ಪ್ರೊನೌನ್ಸಿಯೇಶನ್' ಎಂದರು, ಎಣಿಸಿದ್ದೇನೆ. ಮಾತು ಮುಗಿಸಿ, ಪ್ರಶ್ನೆಗಳೇನಾದರೂ ಇವೆಯೇ ಎಂದು ಅವರು ನನ್ನ ಕಡೆ ನೋಡಿದಾಗ ನನ್ನ ಕೈ ಅರ್ಧ ಮೇಲೆದ್ದಿತ್ತು. ಏನು ಹೇಳುವುದೆಂದು ತೋಚದೆ ಅದನ್ನು ಹಾಗೆಯೇ ಹಣೆಗೆ ಒಯ್ದು ಒರೆಸಿಕೊಂಡೆ.